ಪೋರ್ಟಲ್‌ನಲ್ಲಿ ‘ಮಂಜೂರು’, ಪಾಸ್‌ಬುಕ್‌ನಲ್ಲಿ ಸೊನ್ನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಪಾವಗಡ ತಾಲ್ಲೂಕಿನ ಹಳ್ಳಿಯ ಹುಡುಗಿ, ವಯಸ್ಸು 19, ಪರಿಶಿಷ್ಟ ಜಾತಿ. ತುಮಕೂರಿನಲ್ಲಿ ಬಿಇ ಎರಡನೇ ವರ್ಷ. ಹಾಸ್ಟೆಲ್ ಸಿಗದೆ ಗೆಳತಿಯರ ಜೊತೆ ಬಾಡಿಗೆ ರೂಮಿನಲ್ಲಿದ್ದಾಳೆ. ತಂದೆ ಇಲ್ಲ. ತಾಯಿ ಕೂಲಿಗೆ ಹೋಗುತ್ತಾರೆ, ಎರಡು ಎಕರೆ ಕಡಲೆಕಾಯಿ ಹೊಲವಿದೆ. ವಿದ್ಯಾರ್ಥಿವೇತನದ ದುಡ್ಡು ಬಂದಿಲ್ಲ, ಕಾಲೇಜಿನ ಶುಲ್ಕ ಬಾಕಿ.

“ಟಿಸಿ ತಗೊಂಡು ಊರಿಗೆ ಹೋಗ್ಬಿಡ್ತೀನಿ ಮೇಡಂ. ಅಮ್ಮ ಓಲೆ ಅಡ ಇಡ್ತೀನಿ ಅಂತಿದಾಳೆ, ಅದನ್ನ ನೋಡಕ್ಕಾಗಲ್ಲ.”

ಶುಲ್ಕ ಬಾಕಿ ಇರುವವರ ಹೆಸರನ್ನು ತರಗತಿಯಲ್ಲೇ ಓದಿದ್ದರು. ಅಂದಿನಿಂದ 12 ದಿನ ಅವಳು ಕಾಲೇಜಿನ ಕಡೆ ಹೋಗಿಲ್ಲ. ರಾತ್ರಿ ನಿದ್ದೆಯಿಲ್ಲ, ಊಟ ಒಂದು ಹೊತ್ತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ, ನಾಚಿಕೆ ಅಷ್ಟೇ ಅಂದಳು. ಈ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿಯೇ ಬರುತ್ತದೆ.

ಮೊದಲು ಹೇಳಿದ್ದು ಹಣದ ಮಾತಲ್ಲ, ಹಾಜರಾತಿಯ ಮಾತು. ಶುಲ್ಕ ಕಟ್ಟಿಲ್ಲವೆಂದು ತರಗತಿ ತಪ್ಪಿಸಿದರೆ ಹಾಜರಾತಿ ಕುಸಿಯುತ್ತದೆ. ಹಾಜರಾತಿ ಕುಸಿದರೆ ಮುಂದಿನ ವರ್ಷದ ವಿದ್ಯಾರ್ಥಿವೇತನಕ್ಕೇ ಕುತ್ತು. ಆದ್ದರಿಂದ ನಾಳೆಯೇ ತರಗತಿಗೆ ಹೋಗು, ಓಲೆಯ ವಿಷಯ ಒಂದು ವಾರ ಮುಂದೂಡು. ಅವಳು ಒಪ್ಪಿದಳು, ಅರೆಮನಸ್ಸಿನಿಂದ.

ಆಮೇಲೆ ‘ದುಡ್ಡು ಬಂದಿಲ್ಲ’ ಎಂಬ ಮಾತನ್ನು ಬಿಡಿಸಿದೆವು. ಅರ್ಜಿಯೇ ಮುಂದೆ ಹೋಗಿಲ್ಲವೇ, ಮಂಜೂರಾಗಿ ನಿಂತಿದೆಯೇ, ಇಲ್ಲ ಜಮೆ ಆಗಿಯೂ ಅವಳು ನೋಡದ ಜಾಗಕ್ಕೆ ಹೋಗಿದೆಯೇ? ಮೂರಕ್ಕೂ ದಾರಿ ಬೇರೆ. ಮೊದಲನೆಯದಾದರೆ ಕಾಲೇಜಿನ ಇ-ದೃಢೀಕರಣ (ದಾಖಲೆಗಳ ಆನ್‌ಲೈನ್ ದೃಢೀಕರಣ), ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ, ಆಧಾರ್‌ಗೂ ಅಂಕಪಟ್ಟಿಗೂ ಹೆಸರಿನ ಹೊಂದಾಣಿಕೆ ನೋಡಬೇಕು. ಇವಳ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಪುಟದಲ್ಲಿ ‘ಮಂಜೂರು’ ಎಂದೇ ಇತ್ತು.

ಮುಂದಿನ ಹೆಜ್ಜೆ ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ. ಆಧಾರ್ ಸಂಖ್ಯೆ, ಒಟಿಪಿ ಹಾಕಿದರೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ, ಅದು ಸಕ್ರಿಯವಾಗಿದೆಯೇ ಎಂದು ತೋರಿಸುತ್ತದೆ. ಊರಿನ ಬ್ಯಾಂಕಿನ ಹೆಸರು ಬರಬೇಕಿತ್ತು. ಬಂದದ್ದು ಮೊಬೈಲ್‌ನಲ್ಲೇ ಹೆಚ್ಚಾಗಿ ನಡೆಯುವ ಒಂದು ಪೇಮೆಂಟ್ಸ್ ಬ್ಯಾಂಕಿನ ಹೆಸರು. “ಇದ್ಯಾವುದು? ನಾನು ಅಲ್ಲಿ ಖಾತೆನೇ ಮಾಡ್ಸಿಲ್ಲ” ಅಂದವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ವರ್ಷ ಹೊಸ ಸಿಮ್ ಕೊಂಡಾಗ ಮೊಬೈಲ್ ಅಂಗಡಿಯಲ್ಲಿ ಎರಡು ಸಲ ಬೆರಳಚ್ಚು ಕೊಟ್ಟಿದ್ದಳು. ಎರಡನೆಯದು ಖಾತೆ ತೆರೆಯುವುದಕ್ಕೆ. ಆ ಸಿಮ್ ಈಗ ತಮ್ಮನ ಫೋನಿನಲ್ಲಿದೆ, ಹಣ ಬಂದ ಮೆಸೇಜು ಅಲ್ಲೇ ಬಿದ್ದಿತ್ತು.

ಎಲ್ಲರೂ ಎಡವುವುದು ಇಲ್ಲೇ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಮ್ಮ’ ಎಂದರೆ ಅದು ಕೆವೈಸಿಗೆ (ಗ್ರಾಹಕರ ಗುರುತು ಪರಿಶೀಲನೆಗೆ) ಆದ ಜೋಡಣೆ ಇರಬಹುದು. ಅಂಥ ಜೋಡಣೆ ಹತ್ತು ಖಾತೆಗಿದ್ದರೂ ಸರಕಾರದ ನೇರ ನಗದು ವರ್ಗಾವಣೆ ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿರುವ ಒಂದೇ ಬ್ಯಾಂಕಿಗೆ ಹೋಗುತ್ತದೆ: ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಅದಕ್ಕೆ. ಬದಲಿಸಬೇಕಾದರೆ ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಅರ್ಜಿ ತುಂಬಿ, ಹಳೆಯ ಬ್ಯಾಂಕಿನ ಹೆಸರು ಬರೆದು, ಸ್ವೀಕೃತಿ ಪಡೆಯಬೇಕು. ಕೆಲವು ದಿನ ಬಿಟ್ಟು ಮತ್ತೆ ಆಧಾರ್ ಜಾಲತಾಣದಲ್ಲೇ ನೋಡಬೇಕು, ಕೌಂಟರಿನ ಮಾತನ್ನು ನಂಬಿ ಕೂರಬಾರದು. ಜೋಡಣೆ ಬದಲಾದರೂ ಈಗಾಗಲೇ ಜಮೆಯಾದ ಹಣ ತಾನಾಗಿ ಈಚೆಗೆ ಬರುವುದಿಲ್ಲ. ಅದನ್ನು ಹಳೆಯ ಖಾತೆಯಿಂದಲೇ ವರ್ಗಾಯಿಸಿಕೊಳ್ಳಬೇಕು. ತಮ್ಮನನ್ನು ಕರೆಸಿ, ಆ ಸಿಮ್‌ನಿಂದಲೇ ಊರಿನ ಬ್ಯಾಂಕಿನ ಖಾತೆಗೆ ಕಳಿಸಿಕೊಳ್ಳಲು ಹೇಳಲಾಯಿತು. ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ನಗದು ತೆಗೆದರೆ ಕಮಿಷನ್ ಹೋಗುತ್ತದೆ, ಲೆಕ್ಕವೂ ಉಳಿಯುವುದಿಲ್ಲ.

ಹಣ ಸಿಕ್ಕ ಮೇಲೆ ಇನ್ನೊಂದು ತೊಡಕು. ಅಷ್ಟು ದುಡ್ಡು ಕಂಡ ತಾಯಿ ಕೈಸಾಲ ತೀರಿಸುವ ಲೆಕ್ಕ ಹಾಕಿದರು. ತಪ್ಪೆನ್ನಲಾಗದು, ಅದು ಶುಲ್ಕದ ಹಣವೆಂದು ಅವರಿಗೆ ಹೇಳಿದವರಿಲ್ಲ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂ. ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. 2021ರಲ್ಲಿ ನಿಯಮ ಬದಲಾದ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೇ ಬರುತ್ತದೆ, ಅದರಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತದೆ. ಬಿಇ ಓದುವ, ಹಾಸ್ಟೆಲ್‌ನಲ್ಲಿಲ್ಲದವರಿಗೆ ಆ ನಿಯಮದಂತೆ ವರ್ಷದ ಭತ್ಯೆ 7,000 ರೂ., ಹಾಸ್ಟೆಲ್‌ನಲ್ಲಿದ್ದರೆ 13,500. ಭತ್ಯೆ ಮಗಳ ಖರ್ಚಿಗೆ, ಮಿಕ್ಕದ್ದು ಕಾಲೇಜಿಗೆ. ತಾಯಿಗೆ ಹೇಳಿದ್ದು ಇಷ್ಟು: “ಅಮ್ಮ, ಇದು ನಿಮ್ಮ ಮನೆಗೆ ಬಂದು ಹೋಗೋ ದುಡ್ಡು. ಭತ್ಯೆ ಬಿಟ್ಟು ಮಿಕ್ಕಿದ್ದಕ್ಕೆ ಕೈ ಹಾಕಿದ್ರೆ ಮುಂದಿನ ವರ್ಷ ಮತ್ತೆ ಓಲೆ ಅಡಕ್ಕೇ ಬರುತ್ತೆ.” ಅವರು ತೆಲುಗಿನಲ್ಲಿ ಮಗಳಿಗೆ ಏನೋ ಅಂದರು, ಮಗಳು ಮೊದಲ ಸಲ ನಕ್ಕಳು.

ಕಾಲೇಜಿಗೆ ಬಾಯಿಮಾತು ಬೇಡ, ಎರಡು ಪ್ರತಿ ಪತ್ರ ಬೇಕು. ಮಂಜೂರಾತಿಯ ಪುಟ, ಜಮೆಯ ವಿವರ ಲಗತ್ತಿಸಿ, ಬಂದ ಶುಲ್ಕವನ್ನು ಈಗ ಕಟ್ಟಿ, ಉಳಿದ ಪಾಲು ಬಂದ ಕೂಡಲೇ ಕಟ್ಟುವುದಾಗಿ ಬರೆಯಬೇಕು. ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಬೇಕು. ಅವಳು ಹಾಗೇ ಮಾಡಿದಳು. ಹೆಸರು ಓದುವುದು ನಿಂತಿದೆ.

ಉಳಿದದ್ದು ಹೊಲದ ವಿಷಯ. ರೈತರ ಮಕ್ಕಳಿಗೆಂದು ರಾಜ್ಯದಲ್ಲಿ 2021ರಲ್ಲಿ ಶುರುವಾದ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ಬಿಇ ಓದುವ ಹುಡುಗಿಯರಿಗೆ ನಿಗದಿಯಾದ ಮೊತ್ತ 11,000 ರೂ., ಹುಡುಗರಿಗೆ 10,000. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ಸಂಖ್ಯೆ (ರೈತರ ನೋಂದಣಿ ಸಂಖ್ಯೆ) ಇರಬೇಕು, ಆ ಸಂಖ್ಯೆಗೆ ಪಹಣಿ ಬೇಕು. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ವಂಶವೃಕ್ಷ ಸಿದ್ಧವಾಗಿದೆ, ತಾತನ ಮರಣ ಪ್ರಮಾಣಪತ್ರವನ್ನು ತಾಯಿ ಇನ್ನೂ ಟ್ರಂಕಿನಲ್ಲಿ ಹುಡುಕುತ್ತಿದ್ದಾರೆ.