ಓದುಗರ ಪ್ರಶ್ನೆ: ಹೋದ ಕಂದನ ಹೆಸರಲ್ಲಿ ಏನು ಮಾಡಬಹುದು?

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ನಡಿಗೆ ಇಲ್ಲ, ಆದರೆ ಅವರಜ್ಜ ತಮಟೆ ಬಡಿದ ಹಾಗೆ ತಟ್ಟೆ ಬಡಿದರೆ ಮನೆಯೆಲ್ಲ ಕೇಳೋ ಹಾಗೆ ನಗ್ತಿದ್ದ. ಒಂಬತ್ತು ತುಂಬಿದ ಮೇಲೆ ತೀರಿಕೊಂಡ. ಚಿಕ್ಕ ಮಕ್ಕಳಿಗೆ ತಿಥಿ ಮಾಡೋ ಪದ್ಧತಿ ಇಲ್ಲ ಅಂತಾರೆ ಮಾವನವರು. ವರ್ಷ ತುಂಬ್ತಾ ಬಂತು. ಏನೂ ಮಾಡಬಾರದಾ? ಅವನು ಹುಟ್ಟಿದ ದಿನ ಮೈಸೂರಿನ ಒಂದು ವಿಶೇಷ ಶಾಲೆಯಲ್ಲಿ ಊಟ ಹಾಕಿಸೋ ಆಸೆ ಇದೆ.
- ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮಾವನವರು ಹೇಳಿದ್ದು ಪದ್ಧತಿಯ ಮಾತೇ. ಎರಡು ವರ್ಷ ತುಂಬದ ಮಗುವಿಗೆ ಅಗ್ನಿಸಂಸ್ಕಾರವೂ ಬೇಡ, ಜಲತರ್ಪಣವೂ ಬೇಡ ಎಂದು ಮನುಸ್ಮೃತಿಯ 5ನೇ ಅಧ್ಯಾಯದಲ್ಲಿದೆ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯದಲ್ಲಿ ಮನೆತನದಿಂದ ಮನೆತನಕ್ಕೆ ನಡಾವಳಿ ಬೇರೆ. ಪುರೋಹಿತರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಮಗುವಿಗೆ ಕಳೆದುಕೊಳ್ಳಬೇಕಾದ ಪಾಪವಿಲ್ಲ, ಹಾಗಾಗಿ ಪಿಂಡದ ಹಂಗಿಲ್ಲ. ಇದನ್ನು ಕಡೆಗಣನೆ ಅಂದುಕೊಳ್ಳಬೇಡಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಪಿಂಡ ಇಡದಿದ್ದರೆ ಮಗು ಅಲೆಯುತ್ತೆ ಎಂದು ಯಾರಾದರೂ ಹೆದರಿಸಿದರೆ ಆ ಮಾತಿಗೆ ಸೊಪ್ಪು ಹಾಕಬೇಡಿ. ‘ಯಾರ ಕರ್ಮವೋ’ ಎನ್ನುವವರಿಗೂ ಅಷ್ಟೆ. ಸೆರೆಬ್ರಲ್ ಪಾಲ್ಸಿ ಬರುವುದು ಬೆಳೆಯುತ್ತಿರುವ ಮಿದುಳಿಗೆ ಆದ ಪೆಟ್ಟಿನಿಂದ. ದಿನ ತುಂಬದ ಹೆರಿಗೆ, ಆಮ್ಲಜನಕದ ಕೊರತೆ, ವಿಪರೀತ ಕಾಮಾಲೆ, ಸೋಂಕು, ಹೀಗೆ ಕಾರಣಗಳು ಹಲವು.

ತಿಥಿ ಇಲ್ಲದಿದ್ದರೂ ನೆನಪಿಗೆ ದಾರಿಗಳಿವೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಪುಟ್ಟದೊಂದು ಕುಡಿಬಾಳೆ ಎಲೆ ಹಾಕಿ, ಅವನು ತಿನ್ನುತ್ತಿದ್ದುದನ್ನೇ ಬಡಿಸಿ. ಸೋಸಿದ ರಾಗಿ ಗಂಜಿ ಕುಡಿಯುತ್ತಿದ್ದನೇ? ಅದೇ ಇರಲಿ, ಅವನು ಎಂದೂ ನುಂಗಲಾಗದ ಚಕ್ಕುಲಿ, ಕಜ್ಜಾಯ ಬೇಡ. ದೇವಸ್ಥಾನದಲ್ಲಿ ಗೋತ್ರ, ನಕ್ಷತ್ರ ಹೇಳಿ ಮಾಡಿಸುವ ಅರ್ಚನೆ ಬದುಕಿರುವವರ ಹೆಸರಿನದು. ಕೌಂಟರಿನಲ್ಲಿ ‘ಸ್ಮರಣಾರ್ಥ ಅನ್ನದಾನ’ ಎಂದೇ ಹೇಳಿ, ರಸೀದಿಯಲ್ಲಿ ಮಗುವಿನ ಹೆಸರು ಬರೆಸಿ.

ಇನ್ನು ಶಾಲೆಯ ಊಟ. ಎಡವಟ್ಟಾಗುವುದು ಇಲ್ಲೇ. ಪ್ರೀತಿಯಿಂದ ಲಾಡು, ಮಿಕ್ಸ್ಚರ್, ಚಿತ್ರಾನ್ನ ತರುತ್ತಾರೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಅಗಿಯುವುದು, ನುಂಗುವುದು ಕಷ್ಟ. ಕಡಲೆಬೀಜ, ಪುಡಿ ಉದುರುವ ತಿಂಡಿ ಉಸಿರುನಾಳಕ್ಕೆ ಹೋಗಿಬಿಡುತ್ತವೆ. ನೀರಿನಷ್ಟು ತೆಳುವಾದದ್ದೂ ಅಪಾಯವೇ: ಗಂಟಲು ಮುಚ್ಚಿಕೊಳ್ಳುವಷ್ಟರಲ್ಲಿ ಜಾರಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು. ಒಂದು ವಾರ ಮುಂಚೆಯೇ ಶಿಕ್ಷಕರನ್ನು ಕೇಳಿ: ಮೆತ್ತನೆಯದೇ ತಿನ್ನುವವರು ಯಾರು, ಟ್ಯೂಬಿನಲ್ಲಿ ಆಹಾರ ತೆಗೆದುಕೊಳ್ಳುವವರು ಯಾರು, ಫಿಟ್ಸ್‌ಗಾಗಿ ಕೀಟೋಜೆನಿಕ್ ಪಥ್ಯದಲ್ಲಿ (ಕೊಬ್ಬು ಹೆಚ್ಚು, ಸಕ್ಕರೆ, ಪಿಷ್ಟ ತೀರಾ ಕಡಿಮೆ ಇರುವ ಊಟ) ಇರುವವರು ಯಾರು. ಈ ಪಥ್ಯದವರಿಗೆ ಒಂದು ಚಮಚ ಬೆಲ್ಲವೂ ಕೂಡದು.

25 ಮಕ್ಕಳಿಗೆ ಹೆಸರುಬೇಳೆ ಪಾಯಸ ಸರಿಹೋಗುತ್ತದೆ. ಅರ್ಧ ಕೆಜಿ ಬೇಳೆಯನ್ನು 2 ಲೀಟರ್ ನೀರಿನಲ್ಲಿ ಕರಗುವಂತೆ ಬೇಯಿಸಿ, ಆರಿದ ಮೇಲೆ ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. 600 ಗ್ರಾಂ ಬೆಲ್ಲವನ್ನು ಎರಡು ಲೋಟ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಮಂಡ್ಯದ ಆಲೆಮನೆ ಬೆಲ್ಲ ಎಷ್ಟೇ ಚೆನ್ನಾಗಿರಲಿ, ಕಬ್ಬಿನ ನಾರು, ಮರಳು ಇದ್ದೇ ಇರುತ್ತದೆ. ಎರಡೂ ಸೇರಿಸಿ ಒಂದು ಕುದಿ ಬಂದ ಮೇಲೆ ಒಲೆ ಆರಿಸಿ, ಎರಡು ತೆಂಗಿನಕಾಯಿಯ ಸೋಸಿದ ಹಾಲು ಬೆರೆಸಿ. ಹಸುವಿನ ಹಾಲು ಬೇಡ. ಬಿಸಿ ಬೆಲ್ಲಕ್ಕೆ ಬಿದ್ದರೆ ಒಡೆದು ಗಂಟಾಗುತ್ತದೆ. ದ್ರಾಕ್ಷಿ, ಗೋಡಂಬಿ ಬೇಡವೇ ಬೇಡ. ಹದ ನೋಡಲು ಚಮಚ ಓರೆ ಮಾಡಿ: ಎಳೆಯಾಗಿ ಸುರಿಯಬಾರದು, ಒಂದೇ ಮುದ್ದೆಯಾಗಿ ಜಾರಬೇಕು. ತಣ್ಣಗಾದಂತೆ ಗಟ್ಟಿಯಾಗುತ್ತದೆ, ಆಗ ಉಗುರುಬೆಚ್ಚಗಿನ ಕಾಯಿಹಾಲಿನಿಂದ ಸಡಿಲಿಸಿ.

ಮೊಸರನ್ನಕ್ಕೆ ಒಂದೂಕಾಲು ಕೆಜಿ ಅಕ್ಕಿಗೆ ನಾಲ್ಕರಷ್ಟು ನೀರು. ಬಿಸಿಯಿರುವಾಗಲೇ ಚೆನ್ನಾಗಿ ಮಸೆಯಿರಿ. ಒಗ್ಗರಣೆ ಹಾಕದೆ ಕೈ ತಡೆಯದು, ಆದರೂ ಹಾಕಬೇಡಿ. ಕರಿಬೇವು ಅಂಗುಳಿಗೆ ಅಂಟಿದರೆ ಆ ಮಗು ಹೇಳಲಾರದು, ತೆಗೆಯಲಾರದು. ತಿನ್ನಿಸುವ ಕೆಲಸ ಅಲ್ಲಿನ ಆಯಾಗಳಿಗೇ ಬಿಡಿ. ಯಾವ ಮಗುವನ್ನು ಹೇಗೆ ಕೂರಿಸಬೇಕು, ಗದ್ದ ಎಷ್ಟು ತಗ್ಗಿಸಬೇಕು ಅವರಿಗೆ ಗೊತ್ತು. ಊಟಕ್ಕೆ ಮುಂಚೆ ಶಿಕ್ಷಕರು ನಿಮ್ಮ ಮಗನ ಹೆಸರು ಹೇಳಿ ಒಂದು ತಟ್ಟೆ ಬಡಿಯಲಿ. ದಾನಿಗಳ ಬೋರ್ಡಿಗಿಂತ ಅದೇ ಮೇಲು.

ಪ್ರಶ್ನೆ: ಅಕ್ಕನ ಮಗಳು ತೀರಿಕೊಂಡು ನಾಲ್ಕು ತಿಂಗಳು. ಗಾಲಿಕುರ್ಚಿ, ಕಫ ಎಳೆಯುವ ಸಕ್ಷನ್ ಮಷೀನ್, ಔಷಧಿ, ಬಟ್ಟೆ ಎಲ್ಲಾ ಹಾಗೇ ಇವೆ. ಅಕ್ಕ ಮುಟ್ಟಲು ಬಿಡುವುದಿಲ್ಲ. ಯಾರಿಗಾದರೂ ಕೊಟ್ಟುಬಿಡಲೇ?
- ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಕ್ಕ ಹೇಳದೆ ಕೊಡಬೇಡಿ. ವರ್ಷ ಕಳೆದರೂ ಕುರ್ಚಿ ಎಲ್ಲಿಗೂ ಹೋಗುವುದಿಲ್ಲ. ಔಷಧಿ ಮಾತ್ರ ಈಗಲೇ ತೆಗೆಯಿರಿ. ಫಿಟ್ಸ್ ಮಾತ್ರೆ, ಸಿರಪ್ ಮಿಕ್ಕಿದ್ದನ್ನು ಇನ್ನೊಂದು ಮಗುವಿಗೆ ಕೊಡುವಂತಿಲ್ಲ. ತೂಕದ ಮೇಲೆ ಡೋಸ್ ಬದಲಾಗುತ್ತದೆ, ಮುಚ್ಚಳ ತೆರೆದ ಸಿರಪ್ ಕೆಟ್ಟಿರಬಹುದು. ಆಸ್ಪತ್ರೆಯ ಔಷಧಾಲಯದಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ವಿಚಾರಿಸಿ.

ಕೊಡುವ ಕಾಲ ಬಂದಾಗ ಕುರ್ಚಿಯ ಬ್ರೇಕು, ಎದೆಪಟ್ಟಿ, ಕಾಲಿಡುವ ಹಲಗೆ ಪರೀಕ್ಷಿಸಿ, ಸ್ಪಂಜಿನ ಹೊದಿಕೆ ಹೊಸದು ಹಾಕಿಸಿ. ಸಕ್ಷನ್ ಮಷೀನಿನ ಮೋಟಾರು ಕೊಡಬಹುದು; ಪೈಪು, ಕ್ಯಾತಿಟರ್, ಫಿಲ್ಟರ್ ಹೊಸದೇ ಆಗಬೇಕು. ಕಾಲಿಗೆ ಅಚ್ಚು ತೆಗೆದು ಮಾಡಿಸಿದ ಪ್ಲಾಸ್ಟಿಕ್ ಸ್ಪ್ಲಿಂಟ್ ಬೇರೆ ಮಗುವಿಗೆ ಆಗದು, ಉಜ್ಜಿ ಹುಣ್ಣು ಮಾಡುತ್ತದೆ. ಆದರೆ ಅವಳ ಪಾದದ ಅಳತೆ ಅದರಲ್ಲೇ ಉಳಿದಿದೆ. ಅಕ್ಕ ಇಟ್ಟುಕೊಳ್ಳಲಿ.

ಬಟ್ಟೆಗಳಲ್ಲಿ ಒಂದನ್ನು ಒಗೆಯದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಗೆದರೆ ವಾಸನೆ ಮರಳಿ ಬರದು. ಜಿರಲೆಗುಳಿಗೆ ಹಾಕಿದರೂ ಅಷ್ಟೇ, ಅದರ ವಾಸನೆಯೇ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿರುವ ನಗು, ಕೂಗಿನ ವಿಡಿಯೋಗಳನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವ್‌ಗೂ ಇಳಿಸಿಕೊಳ್ಳಿ. ಫೋನ್ ಹಾಳಾದ ದಿನ ಗೋಳಾಡಬೇಕಾಗುತ್ತದೆ. ಗೋಡೆಗೆ ಹಾಕುವ ಫೋಟೋದಲ್ಲಿ ಮೂಗಿನ ಟ್ಯೂಬ್ ಅಳಿಸಬೇಕೇ ಎಂದು ಸ್ಟುಡಿಯೋದವರು ಕೇಳುತ್ತಾರೆ. ಅದನ್ನು ತಾಯಿಯೇ ಹೇಳಬೇಕು. ನಮ್ಮನ್ನು ಕೇಳಿದರೆ, ಬೇಡ.

ಪ್ರಶ್ನೆ: ನಾವು ಕಥೋಲಿಕರು. ತೀರಿಕೊಂಡ, ಬುದ್ಧಿ ಬೆಳೆಯದ ಮೊಮ್ಮಗಳಿಗೆ ಯಾವ ಪೂಜೆ ಹೇಳಿಸಬೇಕು?
- ಓದುಗರು, ಬನ್ನಿಮಂಟಪ, ಮೈಸೂರು

ಉತ್ತರ: ವಿವೇಚನೆ ಬರುವ ಮುನ್ನ ತೀರಿಕೊಂಡ, ದೀಕ್ಷಾಸ್ನಾನ ಪಡೆದ ಮಗುವಿಗೆ ಸ್ವಂತ ಪಾಪವಿಲ್ಲ ಎಂಬುದು ಧರ್ಮಸಭೆಯ ಬೋಧನೆ. ಬುದ್ಧಿ ಬೆಳೆಯದವರನ್ನೂ ಹಾಗೆಯೇ ಕಾಣುತ್ತಾರೆ. ಆದ್ದರಿಂದ ಕೃತಜ್ಞತಾ ಬಲಿಪೂಜೆ ಹೇಳಿಸಿ. ತಾರೀಕು, ಹೆಸರು ಬರೆದು ಧರ್ಮಕೇಂದ್ರದ ಕಚೇರಿಗೆ ಮೊದಲೇ ಕೊಡಿ. ನವೆಂಬರ್ 2ರ ಮೃತರ ಸ್ಮರಣೆಗೆ ಸಮಾಧಿ ತೊಳೆದು ಹೂವಿಡುವ ಕೆಲಸವನ್ನು ಅವಳ ತಮ್ಮಂದಿರಿಗೆ ವಹಿಸಬಹುದು.

ಪ್ರಶ್ನೆ: ‘ಅಕ್ಕ ಮಲಗಿದ್ದಾಳೆ’ ಅಂತ ಚಿಕ್ಕವನಿಗೆ ಹೇಳಿದ್ದೆವು. ಈಗ ರಾತ್ರಿ ಅವನೇ ಮಲಗೊಲ್ಲ.
- ಓದುಗರು, ಪಾಂಡವಪುರ

ಉತ್ತರ: ಮಲಗಿದರೆ ತಾನೂ ಏಳುವುದಿಲ್ಲ ಎಂಬ ಹೆದರಿಕೆ ಅದು. ‘ಸತ್ತುಹೋದಳು, ಅವಳ ಉಸಿರು ನಿಂತಿತು, ಇನ್ನು ಬರಲ್ಲ. ನಿನ್ನ ಉಸಿರು ಚೆನ್ನಾಗಿದೆ’ ಎಂದು ನೇರವಾಗಿ ಹೇಳಿ. ಹೊಟ್ಟೆ ಮೇಲೆ ಕೈ ಇಡಿಸಿ ಉಸಿರು ತೋರಿಸಿ. ತನ್ನಿಂದಾಗಿಯೇ ಅಕ್ಕ ಹೋದಳು ಎಂಬ ಅನುಮಾನ ಅನೇಕ ಮಕ್ಕಳಿಗಿರುತ್ತದೆ. ಕೇಳದಿದ್ದರೂ ಅಲ್ಲ ಎಂದು ಹೇಳಿಬಿಡಿ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಅಂದ ಹಾಗೆ, ಮರಣ ನೋಂದಣಿಗೆ 21 ದಿನದ ಗಡುವಿದೆ. ಮೀರಿದರೆ ದಂಡ, ಅನುಮತಿ ಎಂದು ಓಡಾಟ. ಮಗುವಿಗೆ ಅಂಗವಿಕಲ ಪಿಂಚಣಿ ಬರುತ್ತಿದ್ದರೆ ಪ್ರಮಾಣಪತ್ರದ ಪ್ರತಿಯೊಂದಿಗೆ ನಾಡಕಚೇರಿಗೆ ಲಿಖಿತವಾಗಿ ತಿಳಿಸಿ, ಆಮೇಲೆ ಜಮೆಯಾದ ಹಣ ಮುಟ್ಟಬೇಡಿ.