ಏಪ್ರಿಲ್ ಕೊನೆಯಲ್ಲಿ ಟ್ರೊಮ್ಸೊ: ಟಿಕೆಟ್ ಇಟ್ಟುಕೊಳ್ಳಿ, ಅರೋರಾ ಬಿಟ್ಟುಬಿಡಿ

ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಅರೋರಾ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಕಾಣುತ್ತದಾ ಅಂತ ಕೇಳಿದ್ದೀರಿ, ಕಾಣುವುದಿಲ್ಲ. ಹಾಗಾದರೆ ದುಡ್ಡು ದಂಡವಾ ಅಂತಲೂ ಕೇಳಿದ್ದೀರಿ, ಅದೂ ಇಲ್ಲ. ನೀವು ಬರೆದಿರುವುದು ಇಷ್ಟು: ಏಪ್ರಿಲ್ ಕೊನೆಯ ವಾರ, ನಾರ್ವೆಯ ಟ್ರೊಮ್ಸೊ, ಗಂಡ ಹೆಂಡತಿ ಇಬ್ಬರೇ, ಅಗ್ಗಕ್ಕೆ ಸಿಕ್ಕ ಟಿಕೆಟ್. ಊರು, ವಾರ, ಆಸೆ ಎಲ್ಲಾ ನಾವು ಹೋದಾಗಿನದ್ದೇ.

ನಾವು ಹೋಗಿದ್ದು 2018ರ ಏಪ್ರಿಲ್ 21ಕ್ಕೆ, ಆರು ರಾತ್ರಿ. ಅದರಲ್ಲಿ ನಾಲ್ಕು ಹಗಲು ಕಿಟಕಿಯ ಪರದೆ ಎಳೆದು ಮಲಗಿದ್ದೆವು. ರಾತ್ರಿಯೆಲ್ಲಾ ಎದ್ದಿರಬೇಕಲ್ಲ, ಅದಕ್ಕೆ. ಬಾಡಿಗೆ ಕಾರಿನಲ್ಲಿ ಪಕ್ಕದ ಕ್ವಾಲೊಯಾ ದ್ವೀಪಕ್ಕೆ ಹೋಗಿ, ಊರಿನ ದೀಪ ಕಾಣದ ಜಾಗ ಹುಡುಕಿ, ಥರ್ಮಾಸ್‌ನಲ್ಲಿ ಟೀ ಇಟ್ಟುಕೊಂಡು ಬೆಳಗಿನ ಮೂರರವರೆಗೆ ಆಕಾಶ ನೋಡುತ್ತಾ ಕೂತೆವು. ಕಂಡಿದ್ದು ತಿಳಿ ನೀಲಿ ಆಕಾಶ. ನಕ್ಷತ್ರವೇ ನಾಲ್ಕೈದು. ಎರಡನೇ ರಾತ್ರಿಯೇ ನನ್ನ ಹೆಂಡತಿ, "ಇದು ಕತ್ತಲೇ ಅಲ್ಲ, ಸುಮ್ನೆ ಹೋಗಿ ಮಲಗೋಣ" ಅಂದಳು. ನಾನು ಕೇಳಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ನೀವೂ ಇದನ್ನೇ ಮಾಡುತ್ತೀರಿ ಅಂತ ನಿಮ್ಮ ಪ್ರಶ್ನೆಯಲ್ಲೇ ಗೊತ್ತಾಗುತ್ತಿದೆ. "ಸೂರ್ಯ ಮುಳುಗಿದ ಮೇಲೆ ಆರು ಗಂಟೆ ಸಿಗುತ್ತದಲ್ಲ" ಅಂತ ಬರೆದಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿದ್ದೆ. ಫೋನಿನಲ್ಲಿ ನೋಡಿದರೆ ಸೂರ್ಯ ಮುಳುಗುವುದು ರಾತ್ರಿ 9.15ಕ್ಕೆ, ಹುಟ್ಟುವುದು ಬೆಳಿಗ್ಗೆ 4.15ರ ಹತ್ತಿರ. ನಡುವೆ ಏಳು ಗಂಟೆ. ಏಳು ಗಂಟೆ ರಾತ್ರಿ ಇದ್ದರೆ ಧಾರಾಳವಾಯಿತು ಅಂದುಕೊಂಡೆ.

ಆ ಲೆಕ್ಕ ನಮ್ಮ ಊರಿನದು. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ. ಮುಳುಗಿ ಅರ್ಧ ಗಂಟೆಯೊಳಗೆ ದೀಪ ಹಚ್ಚಲೇಬೇಕು, ಒಂದು ಗಂಟೆ ಕಳೆಯುವಷ್ಟರಲ್ಲಿ ಕಗ್ಗತ್ತಲು. ಹಾಗಾಗಿ ಮುಳುಗುವುದು ಅಂದರೆ ಕತ್ತಲಾಗುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಟ್ರೊಮ್ಸೊ ಇರುವುದು ಉತ್ತರಕ್ಕೆ 69 ಡಿಗ್ರಿ ದಾಟಿ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ದಿಗಂತದ ಕೆಳಗೆ ಹೋದರೂ ಆಳಕ್ಕೆ ಹೋಗುವುದಿಲ್ಲ, ಅಂಚಿನ ಪಕ್ಕದಲ್ಲೇ ಉತ್ತರದ ಕಡೆಯಿಂದ ಸುತ್ತು ಹಾಕಿ ಮತ್ತೆ ಮೇಲೆ ಬರುತ್ತಾನೆ. ನಾವಿದ್ದ ವಾರ ನಡುರಾತ್ರಿಯಲ್ಲೂ ಅವನು ಏಳೆಂಟು ಡಿಗ್ರಿಯಷ್ಟೇ ಕೆಳಗಿದ್ದ. ಅರೋರಾ ಚೆನ್ನಾಗಿ ಕಾಣಬೇಕು ಅಂದರೆ ಹನ್ನೆರಡು ಡಿಗ್ರಿಯಾದರೂ ಕೆಳಗಿರಬೇಕು. ಅಷ್ಟು ಆಳದ ಕತ್ತಲು ಅಲ್ಲಿ ಏಪ್ರಿಲ್ ಎರಡನೇ ವಾರಕ್ಕೇ ಮುಗಿದುಹೋಗುತ್ತದೆ. ಹಗಲು ದಿನಕ್ಕೆ ಹತ್ತು ನಿಮಿಷದಷ್ಟು ಉದ್ದವಾಗುತ್ತಾ ಹೋಗುತ್ತದೆ. ಅಂದರೆ ನಮ್ಮ ಒಂದೊಂದು ರಾತ್ರಿಯೂ ಹಿಂದಿನ ರಾತ್ರಿಗಿಂತ ಬೆಳ್ಳಗಿತ್ತು. ನಾನು ಮಾತ್ರ "ನಾಳೆ ಕಾಣಬಹುದು" ಅನ್ನುತ್ತಲೇ ಇದ್ದೆ.

ಇನ್ನೊಂದು, ಅರೋರಾ ಯಾವಾಗ ಬರುತ್ತದೆ ಅಂತ ಹೇಳುವ ಆ್ಯಪ್‌ಗಳು. ಮೂರನೇ ರಾತ್ರಿ ಆ್ಯಪ್ ದೊಡ್ಡ ನಂಬರ್ ತೋರಿಸಿ ಟಿಂಗ್ ಅಂದಿತು. ನಾನು ಎದ್ದು ಓಡಿದೆ. ಆ ನಂಬರ್ ಹೇಳುವುದು ಭೂಮಿಯ ಕಾಂತಕ್ಷೇತ್ರ ಎಷ್ಟು ಅಲ್ಲಾಡುತ್ತಿದೆ ಅಂತ ಮಾತ್ರ. ನಿಮ್ಮ ತಲೆಯ ಮೇಲೆ ಕತ್ತಲು ಇದೆಯಾ ಇಲ್ಲವಾ ಅನ್ನುವುದು ಅದರ ಲೆಕ್ಕದಲ್ಲೇ ಇಲ್ಲ. ಅರೋರಾ ಆಗ ಮೇಲೆ ಕುಣಿಯುತ್ತಿತ್ತೇನೋ, ಮಧ್ಯಾಹ್ನ ನಕ್ಷತ್ರ ಇರುವ ಹಾಗೆ. ನಮ್ಮ ಬುಕಿಂಗ್ ಮಾಡಿಕೊಟ್ಟವರು "ಏಪ್ರಿಲ್‌ವರೆಗೂ ಸೀಸನ್" ಅಂದಿದ್ದರು. ಏಪ್ರಿಲ್ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಇರುವ ವ್ಯತ್ಯಾಸ ಹೇಳಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಐದನೇ ದಿನ ನಾವಿದ್ದ ಮನೆಯ ಯಜಮಾನತಿ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ಹೆಂಗಸು. ಇಷ್ಟು ಒಳ್ಳೆಯ ಬಿಸಿಲಿನಲ್ಲಿ ಪರದೆ ಯಾಕೆ ಹಾಕಿದ್ದೀರಿ, ಯಾರಿಗಾದರೂ ಹುಷಾರಿಲ್ಲವಾ ಅಂತ ಕೇಳಿದರು. ವಿಷಯ ಹೇಳಿದೆ. ಅವರು ನಗಲಿಲ್ಲ. "ಈಗ ಅದನ್ನು ಯಾರೂ ನೋಡುವುದಿಲ್ಲ, ಬನ್ನಿ" ಅಂದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಸೊಂಟದೆತ್ತರ ಹಿಮ. ಅದರಲ್ಲಿ ಬಿಸಿಲಿಗೆ ಮುಖ ಮಾಡಿ ಒಂದು ಗುಂಡಿ ತೋಡಿ, ಕೂರುವುದಕ್ಕೆ ಹಿಮಸಾರಂಗದ ಚರ್ಮ ಹಾಸಿದ್ದರು. ಇದಕ್ಕೆ ಅವರ ಭಾಷೆಯಲ್ಲಿ ಸೂಲ್‌ಗ್ರೂಪ್ ಅನ್ನುತ್ತಾರೆ, ಬಿಸಿಲ ಗುಂಡಿ. ಹಿಮದ ಗೋಡೆ ಗಾಳಿಯನ್ನು ತಡೆಯುತ್ತದೆ, ಬೆಳಕನ್ನು ನಿಮ್ಮ ಮೇಲೇ ಚೆಲ್ಲುತ್ತದೆ. ಹೊರಗೆ ಎರಡೋ ಮೂರೋ ಡಿಗ್ರಿ, ಒಳಗೆ ನಾವು ಜಾಕೆಟ್ ಬಿಚ್ಚಿ ಕೂತಿದ್ದೆವು. ಕಾಫಿ ಕೊಟ್ಟರು, ಕಿತ್ತಳೆ ಹಣ್ಣು ಸುಲಿದುಕೊಟ್ಟರು. ಅಲ್ಲಿಯವರಿಗೆ ಈಸ್ಟರ್ ಸಮಯದ ಹಿಮ ಅಂದರೆ ಕಿತ್ತಳೆ ಇರಲೇಬೇಕಂತೆ.

ಅವರು ಆಗ ಹೇಳಿದ್ದು: ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ. ನಾವು ಕಾಯುವುದು ಈ ತಿಂಗಳಿಗೆ. ಹಿಮವೂ ಇರುತ್ತದೆ, ಬಿಸಿಲೂ ಇರುತ್ತದೆ, ಎರಡೂ ಒಟ್ಟಿಗೆ ಸಿಗುವುದು ಈಗ ಮಾತ್ರ.

ನಾನು ತೀರ್ಥಹಳ್ಳಿ ಕಡೆಯವನು. ಮೂರು ನಾಲ್ಕು ತಿಂಗಳು ಬಿಡದೆ ಸುರಿದು, ಒಂದು ದಿನ ಬಿಸಿಲು ಬಿದ್ದಾಗ ನಮ್ಮಜ್ಜಿ ಕಂಬಳಿ, ಹಾಸಿಗೆ ಎಲ್ಲಾ ಅಂಗಳಕ್ಕೆ ಹಾಕಿ ತಾನೂ ಪಕ್ಕದಲ್ಲೇ ಕೂತುಬಿಡುತ್ತಿದ್ದಳು. ಯಾರು ಕರೆದರೂ ಏಳುತ್ತಿರಲಿಲ್ಲ. ಆ ಗುಂಡಿಯಲ್ಲಿ ಕೂತಾಗ ನನಗೆ ಅಜ್ಜಿಯ ಮುಖ ಕಂಡಿತು. ನಾಲ್ಕು ದಿನ ಇದನ್ನೇ ಪರದೆ ಎಳೆದು ಹೊರಗಿಟ್ಟಿದ್ದೆವಲ್ಲ ಅಂತ ಗಂಟಲು ಕಟ್ಟಿತು.

ಆದ್ದರಿಂದ "ಆಫ್ ಸೀಸನ್" ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಅದು ಅರೋರಾ ಮಾರುವವರ ಮಾತು. ಅವರ ಅಂಗಡಿ ಮುಚ್ಚಿದರೆ ಊರೇ ಮುಚ್ಚಿದೆ ಅಂತಲ್ಲ. ಅಲ್ಲಿ ಹಿಮ ಅತಿ ದಪ್ಪ ಇರುವುದೇ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ. ಹಿಮದ ದಪ್ಪದಲ್ಲಿ ಟ್ರೊಮ್ಸೊದ ದಾಖಲೆ 240 ಸೆಂಟಿಮೀಟರ್, ಅದನ್ನು ಅಳೆದ ದಿನ 1997ರ ಏಪ್ರಿಲ್ 29. ನೀವು ಇಳಿಯುವುದೂ ಅದೇ ವಾರ ಅಲ್ವಾ?

ಉಳಿದ ಎರಡು ದಿನದಲ್ಲಿ ನಾವು ಮಾಡಿದ್ದನ್ನು ನೀವು ಆರು ದಿನ ನಿಧಾನವಾಗಿ ಮಾಡಿ. ಫಿಯೆಲ್‌ಹೈಸನ್ ಅನ್ನುವ ಕೇಬಲ್ ಕಾರ್ 421 ಮೀಟರ್ ಎತ್ತರಕ್ಕೆ ಕರೆದುಕೊಂಡು ಹೋಗುತ್ತದೆ. ರಾತ್ರಿ ಎಂಟೂವರೆಗೆ ಮೇಲಿರಿ. ಸೂರ್ಯ ಮುಳುಗುವುದಕ್ಕೇ ಗಂಟೆಗಟ್ಟಲೆ ತೆಗೆದುಕೊಂಡಂತೆ ಕಾಣುತ್ತದೆ, ಹಿಮ ಪೂರಾ ಗುಲಾಬಿ, ಆಮೇಲೆ ನೀಲಿ. ನಾನು ಶಾಪ ಹಾಕಿದ ಓರೆ ಸೂರ್ಯನೇ ಇದನ್ನೂ ಕೊಡುವುದು. ಪಕ್ಕದಲ್ಲಿ ನೇಪಾಳದ ಶೆರ್ಪಾಗಳು ಕಟ್ಟಿದ 1,200 ಮೆಟ್ಟಿಲ ದಾರಿ ಇದೆ, ಆದರೆ ಆಗ ಅದು ಹಿಮದ ಕೆಳಗಿರುತ್ತದೆ, ಹತ್ತುವುದಕ್ಕೆ ಹೋಗಬೇಡಿ. ಸೊಮ್ಮಾರೊಯಿ ಅನ್ನುವ ದ್ವೀಪಕ್ಕೆ ಒಂದು ದಿನ ಇಡಿ: ಬಿಳಿ ಮರಳು, ಹಸಿರು ನೀರು, ಹಿಂದೆ ಹಿಮದ ಬೆಟ್ಟ. ನಾಯಿಗಾಡಿ, ಹಿಮಸಾರಂಗದ ಕ್ಯಾಂಪ್ ಹೆಚ್ಚಿನವು ಅಷ್ಟರಲ್ಲಿ ಮುಗಿದಿರುತ್ತವೆ, ತಿಮಿಂಗಿಲವೂ ಇರುವುದಿಲ್ಲ. ಅದಕ್ಕೆಲ್ಲ ಕೊರಗಬೇಡಿ.

ಅರೋರಾ ನೋಡದೆ ಮನಸ್ಸೇ ಒಪ್ಪುವುದಿಲ್ಲ ಅಂದರೆ ಮಾತ್ರ ತಾರೀಕು ಬದಲಾಯಿಸಿ. ಡಿಸೆಂಬರ್‌ಗಲ್ಲ, ಸೆಪ್ಟೆಂಬರ್ ಕೊನೆಗೆ. ಕತ್ತಲು ಸಾಕಷ್ಟಿರುತ್ತದೆ, ಚಳಿ ಅಷ್ಟಿರುವುದಿಲ್ಲ. ಏಪ್ರಿಲ್ ಕೊನೆಯ ಟ್ರಿಪ್‌ನಲ್ಲೇ ಅರೋರಾವೂ ಬೇಕು, ಈ ಬಿಸಿಲೂ ಬೇಕು ಅನ್ನುವುದು ಮಾತ್ರ ಆಗದ ಮಾತು.

ಹಗಲು ಕರಗಿದ ನೀರು ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನಮ್ಮ ಟ್ರೆಕ್ಕಿಂಗ್ ಶೂ ಅದರ ಮೇಲೆ ನಿಲ್ಲುವುದಿಲ್ಲ. ಶೂ ಕೆಳಗೆ ಹಾಕುವ ಮುಳ್ಳಿನ ಪಟ್ಟಿ ಅಲ್ಲೇ ಸಿಗುತ್ತದೆ, ಬ್ರೊಡ್ಡರ್ ಅಂತ ಕೇಳಿ. ಹೆಚ್ಚಿನ ಅಂಗಡಿಗಳು ಭಾನುವಾರ ಬಾಗಿಲು ಹಾಕಿರುತ್ತವೆ, ಶನಿವಾರವೇ ಹಾಲು ಬ್ರೆಡ್ ತಂದಿಟ್ಟುಕೊಳ್ಳಿ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ ಮಾತ್ರ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಮಲಗುವಾಗ ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಇರಲಿ, ನಾಲ್ಕು ಗಂಟೆಗೇ ಬೆಳಕು ಮುಖಕ್ಕೆ ಬೀಳುತ್ತದೆ. ಒಂದು ದಿನವಾದರೂ ಆ ಪಟ್ಟಿ ಕಟ್ಟದೆ ಮಲಗಿ, ನಾಲ್ಕಕ್ಕೇ ಎದ್ದು ಬಂದರಿನ ಕಡೆ ನಡೆದು ಬನ್ನಿ.