ಹಿಂದಿನ ಬೆಂಚಲ್ಲಿ ಇನ್ನೊಬ್ರು ಟೀಚರ್

ಮೇಡಂ, ನಿಮ್ಮ ಲೆಟರ್ ಎರಡು ಸಲ ಓದಿದೆ. ಒಂದನೇ ಕ್ಲಾಸಿಗೆ ಬಂದು ನಾಲ್ಕು ತಿಂಗಳಾಯ್ತು, ಏಳೆಂಟು ಮಕ್ಕಳಿಗೆ ಇನ್ನೂ ಅಕ್ಷರ ಕೂಡಿಸಿ ಓದೋಕೆ ಬರ್ತಿಲ್ಲ, ಪಕ್ಕದ ಕ್ಲಾಸಿನ ಸೀನಿಯರ್ ಟೀಚರ್‌ನ ಕೇಳೋಣ ಅಂದ್ರೆ ಇವರಿಗೆ ಪಾಠ ಮಾಡೋಕೇ ಬರಲ್ಲ ಅನ್ಕೋತಾರೇನೋ ಅಂತ ಭಯ, ಏನ್ ಮಾಡ್ಲಿ ಅಂತ ಬರೆದಿದೀರಿ.

ಆ ಭಯ ನಿಮ್ಮೊಬ್ಬರದ್ದೇ ಅನ್ಕೋಬೇಡಿ. ಡ್ಯಾನ್ ಲಾರ್ಟಿ ಅನ್ನೋ ಸಮಾಜಶಾಸ್ತ್ರಜ್ಞರು 1975ರಲ್ಲೇ ಶಾಲೆನ ಮೊಟ್ಟೆ ಟ್ರೇಗೆ ಹೋಲಿಸಿದ್ರು, ಒಂದೊಂದು ಗುಳಿಲಿ ಒಂದೊಂದು ಮೊಟ್ಟೆ, ಒಂದಕ್ಕೊಂದು ತಾಗೋ ಹಾಗೇ ಇಲ್ಲ, ಟೀಚರ್‌ಗಳೂ ಹಾಗೇ ಅವರವರ ಕ್ಲಾಸಲ್ಲಿ ಒಬ್ಬೊಬ್ರೇ.

ನಾನೂ ಈ ಸಂಪಾದಕರ ಕೆಲಸಕ್ಕೆ ಬರೋ ಮುಂಚೆ ಆರು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿದೀನಿ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಕಮಲ, ಬಸವ, ಗರಗಸ ಎಲ್ಲಾ ಗಡಗಡ ಓದ್ತಿದ್ದ, ಬೋರ್ಡ್ ಮೇಲೆ ಬರೆದ್ರೆ ಮಾತ್ರ ಬಾಯೇ ಬಿಡ್ತಿರಲಿಲ್ಲ, ನಾಚಿಕೆ ಅಂತ ನಾನು ಮೂರು ತಿಂಗಳು ಸುಮ್ನಿದ್ದೆ. ಒಂದಿನ ಪಕ್ಕದ ಕ್ಲಾಸಿನ ಟೀಚರ್ ಬಂದು ಅವನ ಬೆಂಚಲ್ಲೇ ಕೂತ್ರು. ಅವನು ಓದ್ತಾ ಇರೋವಾಗ ಪುಸ್ತಕದಲ್ಲಿದ್ದ ಚಿತ್ರನ ಅಂಗೈಯಿಂದ ಮುಚ್ಚಿದ್ರು ಅಷ್ಟೇ, ಹುಡುಗ ಗಪ್‌ಚುಪ್. ಅಲ್ಲಿವರೆಗೂ ಅವನು ಓದ್ತಿದ್ದಿದ್ದು ಚಿತ್ರನ! ಮೂವತ್ತು ಮಕ್ಕಳ ಮುಂದೆ ಬೋರ್ಡ್ ಹತ್ರ ನಿಂತಿದ್ದ ನನಗೆ ಅದು ಕಾಣೋಕೆ ಸಾಧ್ಯನೇ ಇರಲಿಲ್ಲ, ಅವರಿಗೆ ನೋಡೋದೊಂದೇ ಕೆಲಸ ಇತ್ತು, ಹತ್ತೇ ನಿಮಿಷಕ್ಕೆ ಕಂಡಿತು. ಮಾರನೇ ದಿನದಿಂದ ಚಿತ್ರ ಇಲ್ದಿರೋ ಕಾರ್ಡ್, ಎರಡಕ್ಷರದ ಪದ, ಇಬ್ರೂ ಕೂತು ಮಾಡಿದ್ದು.

ಜಪಾನಿನ ಟೀಚರ್‌ಗಳು ನೂರು ವರ್ಷಕ್ಕೂ ಮುಂಚಿನಿಂದ ಇದನ್ನ ಮಾಡ್ತಾ ಬಂದಿದಾರೆ, ಜುಗ್ಯೋ ಕೆಂಕ್ಯೂ ಅಂತಾರೆ. ಒಂದು ಪಾಠನ ಎಲ್ರೂ ಸೇರಿ ಪ್ಲಾನ್ ಮಾಡ್ತಾರೆ, ಒಬ್ರು ಪಾಠ ಮಾಡ್ತಾರೆ, ಉಳಿದೋರು ಮಕ್ಕಳು ಏನ್ ಮಾಡ್ತಿದಾರೆ ಅಂತ ನೋಡಿ ಬರ್ಕೋತಾರೆ, ಆಮೇಲೆ ಕೂತು ಮಾತಾಡ್ತಾರೆ. ಕಣ್ಣು ಮಕ್ಕಳ ಮೇಲಿರೋದ್ರಿಂದ ಟೀಚರ್‌ಗೆ ಮಾರ್ಕ್ಸ್ ಹಾಕೋ ಮಾತೇ ಬರಲ್ಲ. ಟ್ರೇನಿಂಗ್‌ನಲ್ಲಿ ಕಲ್ತಿದ್ದು ಕ್ಲಾಸಿಗೆ ಇಳೀಬೇಕು ಅಂದ್ರೂ ಜೊತೆಗೊಬ್ರು ಇರ್ಬೇಕು, ಟೀಚರ್ ಟ್ರೇನಿಂಗ್ ಬಗ್ಗೆ ಸಂಶೋಧನೆ ಮಾಡಿದ ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ 1980ರ ದಶಕದಲ್ಲಿ ಹೇಳಿದ್ದೂ ಇದನ್ನೇ.

ಹಾಗಾಗಿ ನಿಮ್ಮ ಸೀನಿಯರ್ ಹತ್ರ ಹೋಗೋವಾಗ 'ನನ್ನ ಕ್ಲಾಸ್ ಸರಿ ಹೋಗ್ತಿಲ್ಲ' ಅಂತ ಶುರು ಮಾಡ್ಬೇಡಿ, ಒಂದೇ ಒಂದು ಮಗುವಿನ ನೋಟ್‌ಬುಕ್ ತಗೊಂಡು ಹೋಗಿ. 'ಇವಳು ಯಾಕೆ ಹೀಗೆ ಬರೀತಿದಾಳೆ, ನೀವೊಮ್ಮೆ ನೋಡ್ತೀರಾ' ಅಂತ ಕೇಳಿ. ಎರಡನೇ ಕ್ಲಾಸಿನ ಟೀಚರ್‌ನೂ ಕರೀರಿ, ಮುಂದಿನ ವರ್ಷ ಈ ಮಕ್ಕಳು ಹೋಗೋದು ಅಲ್ಲಿಗೇ ತಾನೇ.

ಇನ್ನು ಎಚ್‌ಎಂಗಳಿಗೊಂದು ಮಾತು, ಇದೆಲ್ಲಾ ಟೀಚರ್‌ಗಳ ಊಟದ ಬಿಡುವಲ್ಲಿ ಆಗೋ ಕೆಲಸ ಅಲ್ಲ. ವಾರಕ್ಕೊಂದು ಪೀರಿಯಡ್ ಟೈಮ್‌ಟೇಬಲ್‌ನಲ್ಲೇ ಹಾಕಿಕೊಡಿ, ಆ ಪೀರಿಯಡ್ ದಿನ ಇನ್ಸ್‌ಪೆಕ್ಷನ್ ಫೈಲ್ ಹಿಡ್ಕೊಂಡು ಮಾತ್ರ ಒಳಗೆ ಬರ್ಬೇಡಿ.

ಮೇಡಂ, ಆ ನೋಟ್‌ಬುಕ್ ನೋಡಿ ಅವರೇನಂದ್ರು ಅಂತ ಖಂಡಿತ ಬರೀರಿ, ಕಾಯ್ತಿರ್ತೀನಿ.

– ಸಂ.